ಹೋಳೂರಿನ ಒಂದು ಸೇರು ರಾಗಿ

೨೦೨೩ರ ಮಳೆಗಾಲದಲ್ಲಿ ನಾನು ಕೋಲಾರದ ಸಮೀಪದ ಒಂದು ಸಂಶೋಧನಾ ಕೇಂದ್ರದಲ್ಲಿ ಸಸ್ಯಗಳ ಆಣ್ವಿಕ ಜೀವಶಾಸ್ತ್ರದ ಅಸೋಸಿಯೇಟ್ ಪ್ರೊಫೆಸರ್ ಆಗಿದ್ದೆ. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಒಂಬತ್ತು ದಿನ ಉಳಿದಿತ್ತು. ನಮ್ಮಲ್ಲಿ ಮನುಷ್ಯರನ್ನು ತೂಗುವುದು ಸೈಟೇಶನ್‌ನಿಂದ, ಅಂದರೆ ನಮ್ಮ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದರಿಂದ. ನನ್ನ ಇಪ್ಪತ್ತಮೂರು ಪ್ರಬಂಧಗಳಿಗೆ ಒಟ್ಟು ೨೧೦ ಸೈಟೇಶನ್ ಇದ್ದವು. ೧೪೬ ಒಂದೇ ಪ್ರಬಂಧದ್ದು. ಮಿಕ್ಕವೆಲ್ಲ ಒಗ್ಗರಣೆಯ ಸಾಸಿವೆ.

ಆ ಪ್ರಬಂಧ ಹೋಳೂರಿನ ಒಂದು ನಾಟಿ ರಾಗಿಯ ಬಗ್ಗೆ. ತೆನೆಯನ್ನು ಒಣಗಿಸಿ ಜೊಳ್ಳು ಮಾಡುವ ಬೆಂಕಿ ರೋಗವನ್ನು ತಡೆಯುವ ಹೊಸ ಜೀನ್ ಅದರಲ್ಲಿದೆ ಎಂದು ಬರೆದಿದ್ದೆ. ಅದನ್ನೇ ಮುಂದುವರಿಸಿ ಪಿಎಚ್‌ಡಿ ಮಾಡುತ್ತಿದ್ದವಳು ಮುಳಬಾಗಿಲಿನ ಶಶಿಕಲಾ. ಒಂದು ಬೆಳಗ್ಗೆ ಅವಳು ನನ್ನ ಮುಂದೆ ಎರಡು ಜೆಲ್ ಚಿತ್ರಗಳನ್ನಿಟ್ಟಳು. ಅವು DNA ತುಣುಕುಗಳನ್ನು ಗೆರೆಗಳಾಗಿ ತೋರಿಸುವ ಚಿತ್ರಗಳು. ರೋಗ ತಡೆದ ಗಿಡಗಳ ಗೆರೆಗಳು, ಅಂಗಡಿಯಲ್ಲಿ ಸಿಗುವ ಒಂದು ಸುಧಾರಿತ ತಳಿಯ ಗೆರೆಗಳಿಗೆ ಒಂದೂ ಬಿಡದೆ ಹೊಂದುತ್ತಿದ್ದವು. ನಾಟಿ ರಾಗಿಯ ಗಿಡಗಳು ರೋಗಕ್ಕೆ ಸತ್ತಿದ್ದವು.

"ಸ್ಯಾಂಪಲ್ ಕಲಸಿಬಿಟ್ಟಿದ್ದೀಯ" ಎಂದು ರೇಗಿದೆ.

"ದೇವ್ರಾಣೆ ಕಲ್ಸಿಲ್ಲ ಮೇಡಂ. ನಿಮ್ಮ ಹಳೇ ಬೀಜದ ಪ್ಯಾಕೆಟ್ಟಿಂದಾನೇ ತೆಗ್ದಿದ್ದು. ಬೇಕಿದ್ರೆ ನೀವೇ ಮಾಡಿ ನೋಡಿ."

ಮಾಡಿದೆ. ಐದು ದಿನ ಹಿಡಿಯಿತು. ಅದೇ ಫಲಿತಾಂಶ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಿದ್ದೆ ಅಷ್ಟೆ. ಮೊದಲ ಸಲ ನಾನು ಬದುಕುಳಿದ ಗಿಡಗಳಿಂದ ಮಾತ್ರ DNA ತೆಗೆದಿದ್ದೆ, ಸತ್ತವುಗಳತ್ತ ತಿರುಗಿಯೂ ನೋಡಿರಲಿಲ್ಲ. ಆದರೆ ಒಂದೇ ಪ್ಯಾಕೆಟ್ಟಿನಲ್ಲಿ ಎರಡು ತಳಿ ಬಂದದ್ದು ಹೇಗೆ?

ಅಂದೇ ಬಸ್ಸು ಹಿಡಿದು ಹೋಳೂರಿಗೆ ಹೋದೆ. ವರ್ಷಗಳ ಹಿಂದೆ ನನಗೆ ಬೀಜ ಕೊಟ್ಟಿದ್ದ ಮುನಿಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಬಾಮ್ಮಾ, ಕೂತ್ಕೊ. ಏನ್ ಇಷ್ಟು ವರ್ಷದ್ಮೇಲೆ?"

ಆ ದಿನ ಕೊಟ್ಟ ಒಂದು ಸೇರು ರಾಗಿ ಪೂರ್ತಿ ನಿಮ್ಮ ಮನೆಯದೇನಾ ಎಂದು ಕೇಳಿದೆ.

"ನಮ್ದು ಅರ್ಧ ಸೇರೇ ಉಳ್ದಿತ್ತು ಕಣಮ್ಮ. ಬಾಗ್ಲಿಗೆ ಬಂದೋರಿಗೆ ಅರೆ ಸೇರು ಕೊಡಕ್ಕಾಗ್ತದಾ? ಪಕ್ಕದ್ಮನೇದು ತಂದು ತುಂಬ್ದೆ. ಅದೂ ಒಳ್ಳೆ ರಾಗೀನೇ, ಯಾಕೆ?"

ಪಕ್ಕದ ಮನೆಯದೇ ಆ ಅಂಗಡಿಯ ತಳಿ. ಟೇಕಲ್‌ನ ನಮ್ಮ ಮನೆಯಲ್ಲೂ ಕೊಡುವಾಗ ಸೇರಿನ ಮೇಲೆ ರಾಶಿ ನಿಲ್ಲುವಂತೆ ತುಂಬದಿದ್ದರೆ ಅಮ್ಮ ಬೈಯುತ್ತಿದ್ದಳು. ಆ ಮರ್ಯಾದೆ ಗೊತ್ತಿದ್ದವಳೇ ನಾನು. ಆದರೂ ಬೀಜ ತೆಗೆದುಕೊಂಡ ದಿನ ಕೇಳಿರಲಿಲ್ಲ. "ಏನಿಲ್ಲ ಬಿಡಿ" ಎಂದು ಎದ್ದೆ. ಅವರ ತಪ್ಪೇನಿತ್ತು?

ಸಂದರ್ಶನಕ್ಕೆ ಇನ್ನು ಮೂರು ದಿನ. ನಾನು ಹೇಳಿದ್ದನ್ನೆಲ್ಲ ಕೇಳಿದ ವಿಭಾಗದ ಮುಖ್ಯಸ್ಥರು ಬಾಗಿಲು ಮುಂದೆ ಮಾಡಿ ಹೇಳಿದರು: "ಇಂಟರ್‌ವ್ಯೂ ಮುಗೀಲಿ ಕಣಮ್ಮ. ಆಮೇಲೆ ಜರ್ನಲ್‌ಗೆ ಬರೀರಿ. ಮೂರು ದಿನಕ್ಕೆ ಯಾರ ಗಂಟು ಹೋಗುತ್ತೆ?" ಸುಳ್ಳು ಹೇಳುವುದಿಲ್ಲ, ಆ ಹುದ್ದೆ ನನಗೆ ಬೇಕಿತ್ತು. ಹದಿನಾರು ವರ್ಷ ಕಾದಿದ್ದೆ. ಅವರ ಮಾತು ಹಿತವಾಗಿಯೇ ಕೇಳಿಸಿತು.

ಹೊರಗೆ ಬಂದರೆ ಶಶಿಕಲಾ ನಿಂತಿದ್ದಳು. "ಮೇಡಂ, ಥೀಸಿಸ್‌ನಲ್ಲಿ ಈ ಅಧ್ಯಾಯಕ್ಕೆ ನಾನೇನು ಬರೀಲಿ?"

ನಾನು ಸುಮ್ಮನಿದ್ದರೆ ನನ್ನ ಸುಳ್ಳಿನ ಮೇಲೆ ಅವಳು ತನ್ನ ಸುಳ್ಳನ್ನು ಕಟ್ಟಬೇಕಿತ್ತು. "ಕಂಡಿದ್ದನ್ನೇ ಬರಿ" ಎಂದೆ. ಆ ಸಂಜೆಯೇ ರಿಟ್ರ್ಯಾಕ್ಷನ್ ಕೋರಿ, ಅಂದರೆ ಪ್ರಬಂಧವನ್ನು ಹಿಂತೆಗೆದುಕೊಳ್ಳುವಂತೆ, ಜರ್ನಲ್‌ಗೆ ಪತ್ರ ಕಳಿಸಿದೆ.

ಸಂದರ್ಶನದಲ್ಲಿ ಅಧ್ಯಕ್ಷರು ನನ್ನ ಪರಿಷ್ಕೃತ ಪಟ್ಟಿ ತಿರುವಿ ಹಾಕಿದರು. "ನಿಮ್ಮ ಒಳ್ಳೆಯ ಪ್ರಬಂಧವೇ ಇಲ್ಲಿಲ್ಲವಲ್ಲ?"

"ಅದು ತಪ್ಪು ಸರ್. ವಾಪಸು ತೆಗೆದುಕೊಂಡಿದ್ದೇನೆ."

ಹುದ್ದೆ ಬೇರೆಯವರಿಗೆ ಹೋಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಪ್ರಬಂಧದ ಮೇಲೆ ಈಗ ಕೆಂಪಕ್ಷರದಲ್ಲಿ ರಿಟ್ರ್ಯಾಕ್ಟೆಡ್ ಎಂದಿದೆ. ಆದರೂ ಓದದೆಯೇ ಉಲ್ಲೇಖಿಸುವವರು ನಿಂತಿಲ್ಲ. ಸೈಟೇಶನ್ ೧೫೭ ಆಗಿದೆ. ಎಷ್ಟು ಜನ ನಂಬಿದರು ಎಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ, ನಂಬಿದ್ದು ನಿಜವೇ ಎಂದು ಹೇಳುವುದಿಲ್ಲ. ವೃತ್ತಿ ನನಗೆ ಕಲಿಸಿದ್ದು ಇದು, ತಡವಾಗಿ. ಹೊಸದಾಗಿ ಉಲ್ಲೇಖಿಸಿದ ಪ್ರತಿಯೊಬ್ಬರಿಗೂ ನಾನು ಪತ್ರ ಬರೆಯುತ್ತೇನೆ: 'ದಯವಿಟ್ಟು ನನ್ನ ಹೆಸರನ್ನು ತೆಗೆಯಿರಿ.' ಹನ್ನೊಂದು ಪತ್ರ ಹೋಗಿವೆ. ಮೂವರು ತೆಗೆದಿದ್ದಾರೆ.