ಜಗಲಿಗೆ ಗಾಜು ಬೇಡ

ಮೈಸೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟ ಬಸ್ಸು ಸಂಪಾಜೆ ಘಾಟಿ ಇಳಿಯುವಷ್ಟರಲ್ಲಿ ಹಸಿವು ಹತ್ತಿತ್ತು. ಸುಳ್ಯದಲ್ಲಿ ಎರಡು ಬನ್ಸ್ ತಿಂದ ಮೇಲೆ ಜೀವ ಬಂತು. ಪುತ್ತೂರು ಪೇಟೆಯ ಹಂಚಿನ ಚಾವಣಿಯ ಹಳೆಯ ಮಾರುಕಟ್ಟೆಯನ್ನು ವಸ್ತುಸಂಗ್ರಹಾಲಯ ಮಾಡುವ ನಕ್ಷೆ ನನ್ನದು. ಊರವರ ಒಪ್ಪಿಗೆಯೊಂದೇ ಬಾಕಿ ಎಂದುಕೊಂಡಿದ್ದೆ. ಎಂಥ ಜಂಬ!

ಮಧ್ಯಾಹ್ನದ ಸಭೆ ಆ ಕಟ್ಟಡದ ಜಗಲಿಯಲ್ಲೇ ನಡೆಯಿತು. ಅಲ್ಲಿ ಕೂತು ವ್ಯಾಪಾರ ಮಾಡುವ ಹೂವಿನವರು, ಸೊಪ್ಪಿನವರು ನನಗೊಂದು ಕುರ್ಚಿ ಹಾಕಿ, ಬೆಲ್ಲ ನೀರು ಕೊಟ್ಟರು. ಜಗಲಿಗೆ ಉದ್ದಕ್ಕೂ ಗಾಜು ಬರುತ್ತದೆ ಎಂದೆ. “ಆಗಬಹುದು” ಎಂದರು. ಇಪ್ಪತ್ತು ವರ್ಷದಿಂದ ಅಲ್ಲೇ ಬಸಳೆ ಮಾರುವ ಲಲಿತಕ್ಕನೂ ತಲೆಯಾಡಿಸಿದರು. ಸೋಮವಾರ ನಕ್ಷೆಗೆ ರುಜು ಹಾಕುವುದೆಂದಾಯಿತು.

ಮರುದಿನ ಕಡಬಕ್ಕೆ ಹೋದೆ. ಬಸ್ಸಿನಲ್ಲಿ ಒಂದೂವರೆ ಗಂಟೆ, ದಾರಿಯುದ್ದಕ್ಕೂ ರಬ್ಬರ್ ತೋಟ, ಮೈಯೆಲ್ಲ ಬೆವರು. ಆ ಕಟ್ಟಡದ ಹಂಚಿನ ಮಾಡು ರಿಪೇರಿ ಮಾಡಿದ್ದ ಬಡಗಿ ವಾಸಣ್ಣ ಅಲ್ಲಿದ್ದಾರೆ. ಮರದ ವಿಷಯ ಕೇಳಲು ಹೋದರೆ ಅವರು ನಕ್ಷೆಯನ್ನೇ ನೋಡುತ್ತ ಕೂತರು.

“ಎಲ್ಲರೂ ಒಪ್ಪಿದ್ದಾರಾ?”

“ಒಬ್ಬರೂ ಬೇಡ ಅನ್ನಲಿಲ್ಲ” ಎಂದೆ.

“ಊರಿಗೆ ಬಂದವರ ಎದುರು ಬೇಡ ಅಂತ ಹೇಳ್ಲಿಕ್ಕೆ ಉಂಟಾ ಮಾರಾಯ್ರೆ? ನೆಂಟರ ಹಾಗೆ ಕೂತರೆ ಎಂತದೂ ಗೊತ್ತಾಗುದಿಲ್ಲ. ಅವರೊಟ್ಟಿಗೆ ಕೆಲಸ ಮಾಡಿ, ಮತ್ತೆ ಕೇಳಿ.”

ಮೂರನೆಯ ದಿನ ಲಲಿತಕ್ಕನ ಪಕ್ಕ ನೆಲದ ಮೇಲೆ ಕೂತು ಬಾಳೆನಾರಿನಿಂದ ಬಸಳೆ ಕಟ್ಟತೊಡಗಿದೆ. ಮೊದಲ ಕಟ್ಟಿಗೇ ಬೈಗುಳ ಸಿಕ್ಕಿತು. “ಎಂತ ಹೀಗೆ ಬಿಗಿಯುದು? ದಂಟು ಮುರೀತದೆ!” ಹತ್ತಿಪ್ಪತ್ತು ಕಟ್ಟು ಆದ ಮೇಲೆ, ಗಾಜು ಬಂದರೆ ನೀವೆಲ್ಲಿ ಕೂರುತ್ತೀರಿ ಎಂದು ಕೇಳಿದೆ.

ಅವರ ಕೈ ನಿಂತಿತು. “ಎಲ್ಲಿಯೂ ಇಲ್ಲ. ಬಿಸಿಲಲ್ಲಿಟ್ಟರೆ ಸೊಪ್ಪು ಹತ್ತು ಗಂಟೆಗೇ ಬಾಡ್ತದೆ. ಮತ್ತೆ ವ್ಯಾಪಾರ ಬಿಟ್ಟು ಮನೆಗೆ ಹೋಗುದೇ.” ನನ್ನ ಮುಖ ನೋಡಿದರು. “ಗಾಜು ಬೇಡ.”

ಅಬ್ಬಾ, ಆ ಒಂದು ಮಾತಿಗೆ ಎಲ್ಲರ ಬಾಯಿಯೂ ಬಿಚ್ಚಿತು! ಹೂವಿನವರು ನಲ್ಲಿ ಕೇಳಿದರು. ಮಳೆ ಒಳಗೆ ಹೊಡೆಯದಂತೆ ಮಾಡು ಎರಡಡಿ ಮುಂದೆ ಬರಲಿ ಎಂದರು ಇನ್ನೊಬ್ಬರು. ಅಲ್ಲೇ ಕೂತು ಗಾಜು ಅಳಿಸಿದೆ. ವಸ್ತುಸಂಗ್ರಹಾಲಯ ಒಳಗೆ, ಜಗಲಿ ಅವರಿಗೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಲಲಿತಕ್ಕನಿಗೆ ಕೈಮುಗಿಯಬೇಕು ಅನ್ನಿಸಿತು. ಅವರು ಬಾಯಿ ಬಿಡದಿದ್ದರೆ ಅವರ ಅನ್ನವನ್ನು ನಾನೇ ಕಸಿದಿರುತ್ತಿದ್ದೆ.

ಸಂಜೆ ಬಸ್ ನಿಲ್ದಾಣದವರೆಗೂ ಅವರು ಬಂದರು. ಥ್ಯಾಂಕ್ಸ್ ಅಕ್ಕ ಎಂದು ಹೇಳಿ ಬಸ್ಸು ಹತ್ತಿದೆ. ಅವರು ಕಿಟಕಿಯ ಹತ್ತಿರ ಬಂದು ಹೇಳಿದರು: “ಇನ್ನೊಂದು ಊರಿಗೆ ಹೋಗುದಿದ್ರೆ ನಕ್ಷೆ ಮಾಡುವ ಮೊದಲೇ ಹೋಗಿ, ಆಯ್ತಾ?”