ತಾಯಿ ಗುಂಪಿಯ ಐದು ಬುಟ್ಟಿ

“ಬಾಯಿ ಮುಚ್ಚಕೊಂಡ ಕುಂದ್ರಾಕ ನಿನಗೇನ ಆಗಿತ್ತ ಬೇ? ಆಕಿ ಪೆನ್ನ ಎತ್ತಿ ಹಿಡದು ಕೇಳಿದ್ಳಲ್ಲ, ಬರೀಲೇನ ಅಂತ! ಬ್ಯಾಡ ಅನ್ನಾಕ ನಿನ್ನ ನಾಲಗಿ ಸತ್ತಿತ್ತೇನ?”

ಬಿಜ್ಜರಗಿಯ ಹೊರಗೆ, ರಸ್ತೆಯ ಬದಿಗಿರುವ ಗೊಬ್ಬರದ ಅಂಗಳ. ಬೆಳಗಿನ ಆರು ಗಂಟೆ. ಕೂಗುತ್ತಿರುವವರು ಕಾಶಿಬಾಯಿ. ಬೈಸಿಕೊಳ್ಳುತ್ತಿರುವವರು ರುಕ್ಮವ್ವ, ವಯಸ್ಸು ಐವತ್ತೆರಡು. ಸೀರೆ ಎತ್ತಿ ಕಟ್ಟಿಕೊಂಡು, ರಾಶಿಯಾಗಿ ಪೇರಿಸಿದ ಒಂದು ಹಳೆಯ ಗುಂಪಿಯಿಂದ ಕಪ್ಪು ಗೊಬ್ಬರವನ್ನು ಸಲಿಕೆಯಲ್ಲಿ ಎತ್ತಿ ಟ್ರ್ಯಾಕ್ಟರಿಗೆ ತುಂಬುತ್ತಿದ್ದಾರೆ. ಕಾಶಿಬಾಯಿ ಸಲಿಕೆಯ ಕಾವನ್ನೇ ಹಿಡಿದು ನಿಲ್ಲಿಸುತ್ತಾರೆ.

“ಬಿಡ ಕಾಶಿ. ಸಾರವಾಡದಿಂದ ಬಂದ ಗಾಡಿ, ಕಾಯಾಕತ್ತೈತಿ.”

“ಕಾಯಲಿ! ಎಂಟ ವರ್ಷದ ಗುಂಪಿ ಹೊರಗ ಹಾಕಾಕತ್ತಿ. ನಿನಗ ಹೊಟ್ಟಿ ಉರಿಯೂದಿಲ್ಲೇನ?”

“ಉರೀತೈತಿ” ಎಂದ ರುಕ್ಮವ್ವ ಸಲಿಕೆ ಬಿಡಿಸಿಕೊಂಡು ಮತ್ತೆ ತುಂಬತೊಡಗುತ್ತಾರೆ.

ನಾನು ಬಂದದ್ದು ಈ ಅಂಗಳಕ್ಕೆ ಪ್ರಮಾಣಪತ್ರ ಸಿಕ್ಕ ಸುದ್ದಿ ಬರೆಯಲು. ಸಿಕ್ಕಿಲ್ಲ. ಸಿಗದಂತೆ ಮಾಡಿದವರು ರುಕ್ಮವ್ವನೇ. ಅದಕ್ಕೇ ಅವರ ಬಗ್ಗೆ ಬರೆಯುತ್ತಿದ್ದೇನೆ.

ರುಕ್ಮವ್ವ, ಕಾಶಿಬಾಯಿ, ಮದೀನಾಬಿ ಮೂವರೂ ಮೊದಲು ದ್ರಾಕ್ಷಿ ತೋಟದ ಕೂಲಿಗಳು. ಬಳ್ಳಿ ಕತ್ತರಿಸುವ ಚಾಟಣಿ ಮುಗಿದ ಮೇಲೆ ಬಳ್ಳಿಯ ಒಂದೊಂದು ಚಿಗುರುಗಣ್ಣಿಗೂ ಔಷಧ ಹಚ್ಚಬೇಕು. ಬರಿಗೈಯಲ್ಲಿ ಹಚ್ಚಿ ಹಚ್ಚಿ ಕಾಶಿಬಾಯಿಯ ಅಂಗೈ ಈರುಳ್ಳಿಯಂತೆ ಸುಲಿದುಹೋಗಿತ್ತು. ಜೋಳದ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ. ತೋಟ ಮೊದಲು ಬಿಟ್ಟವರು ರುಕ್ಮವ್ವ. ತಮ್ಮ ಪಾಲಿನ ಹತ್ತು ಗುಂಟೆ ಬೀಳು ಜಾಗದಲ್ಲಿ ಗೊಬ್ಬರ ಮಾಡಲು ಶುರುಮಾಡಿ, ಉಳಿದಿಬ್ಬರನ್ನೂ ಕರೆದುಕೊಂಡರು. “ಆ ಔಷಧದ ಸಂಗ ಸಾಕು ಬರ್ರಿ ಅಂದೆ. ನನ್ನ ಮಾತ ಕೇಳಿ ಬಂದಾರ ಅವರು” ಎನ್ನುತ್ತಾರೆ.

ಈಗ ಅಂಗಳದಲ್ಲಿ ಗೊಬ್ಬರದ ಒಂಬತ್ತು ಸಾಲುಗಳಿವೆ. ಒಂದೊಂದು ಇಪ್ಪತ್ತೈದು ಅಡಿ ಉದ್ದ, ಸೊಂಟದೆತ್ತರ. ಸೆಗಣಿ, ಕುರಿಹಿಕ್ಕೆ, ತೊಗರಿಯ ಹೊಟ್ಟು, ವಿಜಯಪುರದ ಸಂತೆಯಲ್ಲಿ ಉಳಿದ ಕಾಯಿಪಲ್ಲೆ. ವಾರಕ್ಕೊಮ್ಮೆ ಪ್ರತಿ ಸಾಲನ್ನೂ ಬುಡಮೇಲು ಮಾಡಬೇಕು. ಎಲ್ಲವೂ ಕೈಕೆಲಸ. ಒಬ್ಬೊಬ್ಬರು ದಿನಕ್ಕೆ ನಲವತ್ತು ಕೊಡ ನೀರು ಹೊರುತ್ತಾರೆ. ಬೆಳಿಗ್ಗೆ ರುಕ್ಮವ್ವ ಸಾಲಿನ ಹೊಟ್ಟೆಗೆ ಕಬ್ಬಿಣದ ಸಲಾಕೆ ಚುಚ್ಚಿ, ಇಪ್ಪತ್ತು ಎಣಿಸಿ, ಹೊರಗೆಳೆದು ಮಣಿಕಟ್ಟಿಗೆ ಒತ್ತಿ ಕಾವು ಹೇಳುತ್ತಾರೆ. ತಪಾಸಣೆಗೆ ಬಂದವರ ಎದುರು “ಐವತ್ತೆಂಟ ಇರಬೇಕ್ರಿ” ಅಂದರು. ಥರ್ಮಾಮೀಟರು ಐವತ್ತೊಂಬತ್ತು ತೋರಿಸಿತು. “ಒಂದ ಡಿಗ್ರಿ ಮೋಸ ಮಾಡಿದಿ ನೋಡ ಅಕ್ಕಾ” ಎಂದು ಕಾಶಿಬಾಯಿ ನಕ್ಕಿದ್ದರಂತೆ.

ಗೊಬ್ಬರ ಚೆನ್ನಾಗಿದ್ದರೆ ಸಾಲದು, ಚೆನ್ನಾಗಿದೆ ಎಂಬ ಕಾಗದವೂ ಬೇಕು. ಬಬಲೇಶ್ವರ ಕಡೆಯ ಸಾವಯವ ದಾಳಿಂಬೆ ಬೆಳೆಗಾರರು ಇಲ್ಲಿನ ಗೊಬ್ಬರವನ್ನೆಲ್ಲ ವರ್ಷಪೂರ್ತಿ ಒಯ್ಯಲು ಒಪ್ಪಿದ್ದಾರೆ. ಆದರೆ ಪರಿಸರಕ್ಕೆ ಹಾನಿಯಿಲ್ಲದ ಗೊಬ್ಬರವೆಂಬ ಪ್ರಮಾಣಪತ್ರವಿಲ್ಲದೆ ಮುಟ್ಟುವುದಿಲ್ಲ. ಈಗ ಗೊಬ್ಬರ ಹೋಗುವುದು ಮಳೆಗಾಲಕ್ಕೆ ಮುಂಚಿನ ಮೂರು ತಿಂಗಳು ಮಾತ್ರ. ಉಳಿದ ದಿನ ಮೂವರೂ ಕಂಡವರ ಹೊಲದಲ್ಲಿ ಕಳೆ ಕೀಳುತ್ತಾರೆ. ಪತ್ರ ಬಂದರೆ ಆ ಅಲೆದಾಟ ತಪ್ಪುತ್ತದೆ.

ಒಂದೂವರೆ ವರ್ಷ ಇದಕ್ಕಾಗಿ ಓಡಾಡಿದ್ದಾರೆ. ಅಥಣಿ ರಸ್ತೆಯಲ್ಲಿ ಪತ್ರ ಕೊಡುವ ಕಚೇರಿಗೆ ಹದಿಮೂರು ಸಲ ಹೋಗಿದ್ದಾರೆ. ನೀರಿನ ಪರೀಕ್ಷೆ, ಮಣ್ಣಿನ ಪರೀಕ್ಷೆ, ಬೇಲಿಯ ಫೋಟೊ, ರಬ್ಬರಿನ ಕೈಗವಸು. ನಾಲ್ಕನೆಯ ಇಯತ್ತೆಯವರೆಗೆ ಓದಿದ ರುಕ್ಮವ್ವ ದಿನವೂ ರಿಜಿಸ್ಟರು ಬರೆದಿದ್ದಾರೆ: ಯಾವ ಸಾಲಿಗೆ ಏನು ಹಾಕಿದರು, ಎಷ್ಟು ಕಾವು, ಯಾವಾಗ ತಿರುವಿದರು. ಪ್ರತಿ ದಿನದ ಮುಂದೆ ಇಬ್ಬರ ಸಹಿ. ಒಂದು ಅವರದು, ಇನ್ನೊಂದು ಕಾಶಿಬಾಯಿಯದು. ಪ್ರಯೋಗಾಲಯದ ವರದಿಯೂ ಬಂತು. ಒಂದು ದೋಷವೂ ಇರಲಿಲ್ಲ.

ಕೊನೆಗೆ ತಪಾಸಣೆಗೆ ಬಂದವರು ಶೈಲಶ್ರೀ ಎಂಬ ಯುವತಿ. ಅರ್ಧ ದಿನ ಎಲ್ಲ ನೋಡಿ, ಚಹಾ ಕುಡಿದು, ಚಪ್ಪಲಿ ಮೆಟ್ಟಿಕೊಳ್ಳುವಾಗ ಸುಮ್ಮನೆ ಕೇಳಿದರು: “ಇಷ್ಟ ಬಿಟ್ಟು ಇನ್ನೇನರ ಹಾಕ್ತೀರೇನ್ರಿ?”

“ಮತ್ತೇನಿಲ್ಲರಿ” ಎಂದರು ರುಕ್ಮವ್ವ. “ಹೆಪ್ಪ ಹಾಕ್ತೀವಿ, ಅಷ್ಟ.”

ಹಾಲಿಗೆ ಹೆಪ್ಪು ಹಾಕುವಂತೆಯೇ ಇದು. ಹೊಸ ಸಾಲು ಕಟ್ಟಿದಾಗಲೆಲ್ಲ ಮೂಲೆಯ ಹಳೆಯ ಗುಂಪಿಯಿಂದ ಐದು ಬುಟ್ಟಿ ತಂದು ಬೆರೆಸುತ್ತಾರೆ. ಬೆರೆಸಿದರೆ ಬೇಗ ಕಾವು ಹತ್ತುತ್ತದೆ. ಆ ಗುಂಪಿಗೆ ತಾಯಿ ಗುಂಪಿ ಎಂದೇ ಹೆಸರು. ರಿಜಿಸ್ಟರಿನಲ್ಲಿ ಇದನ್ನು ಒಂದು ದಿನವೂ ಬರೆದಿಲ್ಲ. ಮುಚ್ಚಿಡಬೇಕೆಂದಲ್ಲ. ಮೊಸರು ಮಾಡುವುದಕ್ಕೆ ಏನೇನು ಬೇಕೆಂದು ಕೇಳಿದರೆ ಹಾಲು ಎನ್ನುತ್ತೇವೆ, ಹೆಪ್ಪಿನ ನೆನಪು ಯಾರಿಗಿರುತ್ತದೆ?

ತಾಯಿ ಗುಂಪಿಯಲ್ಲಿ ಏನಿದೆ ಎಂದು ಶೈಲಶ್ರೀ ಕೇಳಿದರು. ಎಂಟು ವರ್ಷದ ಹಿಂದೆ ರಸ್ತೆ ಬದಿಗೆ ಎಸೆದಿದ್ದ ದ್ರಾಕ್ಷಿಯ ಚಾಟಣಿ ಕಡ್ಡಿ. ಔಷಧ ಹೊಡೆದ ತೋಟದ್ದು. ಈಗಲೂ ಪ್ರತಿ ವರ್ಷ ಒಂದಿಷ್ಟು ಅದರ ಮೇಲೆ ಬೀಳುತ್ತದೆ.

ಶೈಲಶ್ರೀ ಪೆನ್ನು ಎತ್ತಿ ಹಿಡಿದರು. “ಅವ್ವಾರ, ಇದನ್ನ ಬರೀಲೇನ್ರಿ?”

ಆ ಹುಡುಗಿ ಬಾಗಿಲು ತೆರೆದುಕೊಟ್ಟಿದ್ದರು. ಒಂದು “ಬ್ಯಾಡ್ರಿ” ಸಾಕಿತ್ತು. ರುಕ್ಮವ್ವ ಹೇಳಿದ್ದು ಬೇರೆ: “ಹಾಕಿದ್ದಂತೂ ಖರೆ ಐತಿ. ಬರೀರಿ.”

ಕಚೇರಿಯಿಂದ ಉತ್ತರ ಬಂದಿದೆ. ಒಂಬತ್ತೂ ಸಾಲು ತಿರಸ್ಕೃತ. ಔಷಧ ಹೊಡೆದ ಕಡ್ಡಿಯ ಗೊಬ್ಬರ ಬೆರೆತಿರುವುದರಿಂದ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕು. ತಾಯಿ ಗುಂಪಿ ಅಂಗಳದಲ್ಲಿ ಇರಕೂಡದು. ಹನ್ನೆರಡು ತಿಂಗಳ ಹೊಸ ರಿಜಿಸ್ಟರಿನೊಂದಿಗೆ ಮತ್ತೆ ಅರ್ಜಿ ಹಾಕಬಹುದು.

ಪೇಟೆಗೆ ಹೋಗಿ ನೋಡಿ. ಹಸಿರು ಎಲೆಯ ಚಿತ್ರ ಹೊಡೆದ ಚೀಲಗಳು ಸಾಲಾಗಿ ನಿಂತಿರುತ್ತವೆ. ಒಳಗೆ ಏನಿದೆ ಎಂದು ನಾವು ಯಾರೂ ಕೇಳುವುದಿಲ್ಲ, ಮಾರುವವನೂ ಹೇಳುವುದಿಲ್ಲ. ಹೇಳಿದ ಹೆಣ್ಣುಮಗಳು ಇಲ್ಲಿ ಎಂಟು ವರ್ಷದ ಗುಂಪಿಯನ್ನು ತನ್ನ ಕೈಯಿಂದಲೇ ಬಗೆದು ಹಾಕುತ್ತಿದ್ದಾಳೆ. ಇದನ್ನು ನೋಡಿಕೊಂಡು ತಣ್ಣಗೆ ಬರೆಯಲು ನನಗೆ ಬರುವುದಿಲ್ಲ.

ಆದರೆ ಕಾಶಿಬಾಯಿಯ ಸಿಟ್ಟೂ ಸುಳ್ಳಲ್ಲ.

“ಪ್ರಯೋಗಾಲಯಕ್ಕ ಕಾಣಲಾರದ್ದು ನಿನ್ನ ಬಾಯಾಗ ಹ್ಯಾಂಗ ಬಂತ ಬೇ?” ಎಂದು ಅವರು ಮತ್ತೆ ಎದುರು ನಿಲ್ಲುತ್ತಾರೆ. ಇವತ್ತು ಒಂದು ಸಲವೂ ಅಕ್ಕ ಎಂದಿಲ್ಲ.

“ಕಾಣಲಿಲ್ಲ ಅಂದ್ರ ಇಲ್ಲಂಗಾತೇನ? ಅವರ ಗಿಡಕ್ಕ ಹಾಕವ್ರು ನಮ್ಮನ್ನ ನಂಬಿ ಹಾಕ್ತಾರ.”

“ಅವರ ಗಿಡದ ಚಿಂತಿ ಐತಿ ನಿನಗ. ನಂದು?”

ರುಕ್ಮವ್ವ ಇನ್ನೊಂದು ಸಲಿಕೆ ಗೊಬ್ಬರ ಎತ್ತಿ ಟ್ರ್ಯಾಕ್ಟರಿಗೆ ಹಾಕುತ್ತಾರೆ.

ರಸ್ತೆಯಲ್ಲಿ ಹಾರ್ನು ಕೇಳಿಸುತ್ತದೆ. ದ್ರಾಕ್ಷಿ ತೋಟಕ್ಕೆ ಹೆಣ್ಣಾಳುಗಳನ್ನು ಒಯ್ಯುವ ಟಂಟಂ ಆಟೊ. ಚಾಟಣಿಯ ದಿನಗಳು ಇವು. ಕಾಶಿಬಾಯಿ ಸೆರಗು ಬಿಗಿದು ಕಟ್ಟಿಕೊಳ್ಳುತ್ತಾರೆ. ಬುತ್ತಿಯ ಗಂಟು ಮೊದಲೇ ಕಟ್ಟಿ ತಂದಿದ್ದಾರೆ.

“ನಿನ್ನ ಖರೇತನ ನೀನ ಇಟ್ಟಕೊ. ನನ್ನ ಮನ್ಯಾಗ ಒಲಿ ಮ್ಯಾಲ ಇಟ್ರ ಅದು ಬೇಯೂದಿಲ್ಲ.”

“ಕೈ ಸುಲೀತಾವ ಕಾಶಿ.”

“ಸುಲೀಲಿ” ಎಂದು ಕಾಶಿಬಾಯಿ ಹೋಗಿ ಟಂಟಂ ಹತ್ತುತ್ತಾರೆ.

ರುಕ್ಮವ್ವ ಸಲಿಕೆ ಬಿಟ್ಟು ಗುಡಿಸಲಿಗೆ ಓಡಿ, ತಪಾಸಣೆಗೆಂದು ಕೊಂಡಿದ್ದ ರಬ್ಬರಿನ ಕೈಗವಸು ಹಿಡಿದು ಬೇಲಿಯವರೆಗೆ ಹೋಗುತ್ತಾರೆ. “ಇವನ್ನಾರ ಒಯ್ಯ ಬೇ!” ಟಂಟಂ ಅಷ್ಟರಲ್ಲಿ ತಿರುವು ದಾಟಿರುತ್ತದೆ. ಬಂದು, ಕೈಗವಸನ್ನು ಸಾಲಿನ ಮೇಲಿಟ್ಟು, ಉಳಿದ ಗೊಬ್ಬರ ತುಂಬಿ ಟ್ರ್ಯಾಕ್ಟರು ಕಳಿಸುತ್ತಾರೆ.

ಹತ್ತೊಂಬತ್ತು ದಿನದ ಮೇಲೆ ಮತ್ತೆ ಹೋದೆ. ಹೆಪ್ಪಿಲ್ಲದ ಹೊಸ ಸಾಲು ನಿಧಾನವಾಗಿ ಕಾವು ಹಿಡಿಯುತ್ತಿದೆ. ಹೊಸ ರಿಜಿಸ್ಟರು ತೋರಿಸುತ್ತಾರೆ. ಪ್ರತಿ ದಿನದ ಮುಂದೆ ರುಕ್ಮವ್ವನ ದುಂಡು ಅಕ್ಷರದ ಸಹಿಯಿದೆ, ಕಾಶಿಬಾಯಿ ಸಹಿ ಹಾಕುತ್ತಿದ್ದ ಪಕ್ಕದ ಮನೆ ಖಾಲಿ.

“ಖಾಲಿ ಚಂದ ಕಾಣೂದಿಲ್ಲ, ಆಕಿ ಹೆಸರ ನೀನ ಬರದಬಿಡ ಅಂತಾಳ ಮದೀನಾಬಿ. ಬರದಿಲ್ಲ ನಾ. ಬಂದಿಲ್ಲ ಅಂದ್ರ ಬಂದಿಲ್ಲ” ಎನ್ನುತ್ತಾರೆ. ಆಮೇಲೆ ಪುಟವನ್ನು ಅಂಗೈಯಿಂದ ಸವರಿ, “ಮತ್ತೊಬ್ಬರ ಕೈಲೆ ಸಹಿ ಮಾಡಸೂದಿಲ್ಲ. ಆಕಿ ಮನಿ ಅದು, ಇರಲಿ” ಎಂದು ಮುಚ್ಚಿಡುತ್ತಾರೆ.

ಆರೂವರೆಗೆ ಟಂಟಂ ಹಾಯುತ್ತದೆ. ಕಾಶಿಬಾಯಿ ಅದರಲ್ಲಿ ಇದ್ದಾರೆ. ಅಂಗಳದ ಕಡೆ ಬೆನ್ನು ಹಾಕಿ ಕುಳಿತಿದ್ದಾರೆ.