ಭೀಮವ್ವ ಚಿಗವ್ವ ಮತ್ತು ಹರಿಯುವ ನೀರು

ನಮ್ಮ ಮನೆಯ ಅಂಗಳದಲ್ಲಿ, ನಳದ ಪಕ್ಕ, ಒಂದು ತೆಂಗಿನ ಚಿಪ್ಪಿದೆ. ಅದರಲ್ಲಿ ಯಾವಾಗಲೂ ಒಂದು ಕೆಂಪು ಸಾಬೂನಿನ ತುಂಡು ಇರುತ್ತದೆ. ಸಕ್ಕರೆ ಮುಗಿದರೆ ಬೆಲ್ಲದಲ್ಲಿ ನಡೆಸುತ್ತೇವೆ, ಚಹಾಪುಡಿ ಮುಗಿದರೆ ಪಕ್ಕದ ಮನೆಗೆ ಹೋಗುತ್ತೇವೆ. ಆದರೆ ಈ ಚಿಪ್ಪು ಮಾತ್ರ ಬರಿದಾಗಕೂಡದೆಂದು ಭೀಮವ್ವ ಚಿಗವ್ವನ ಕಟ್ಟಪ್ಪಣೆ. ಇವತ್ತು ಬೆಳಿಗ್ಗೆ ಆ ಸಾಬೂನಿನಿಂದ ಕೈ ತಿಕ್ಕಿಕೊಳ್ಳುತ್ತಿದ್ದಾಗ ಜೇಬಿನಲ್ಲಿದ್ದ ಫೋನು ಗುಂಯ್‌ಗುಟ್ಟತೊಡಗಿತು. ಒಂದು ಸಲ ಗುಂಯ್‌ಗುಟ್ಟಿ ಸುಮ್ಮನಾಗಲಿಲ್ಲ, ಹಿಂದಿನಿಂದ ಇನ್ನೊಂದು, ಮತ್ತೊಂದು. ನಮ್ಮ ಬಳಗದ ವಾಟ್ಸಾಪ್ ಗುಂಪು ಹೀಗೆ ಒಮ್ಮೆಲೇ ಎಚ್ಚರವಾಯಿತೆಂದರೆ ಯಾರದೋ ಲಗ್ನ ನಿಶ್ಚಯವಾಗಿರಬೇಕು, ಇಲ್ಲವೇ ಯಾರಿಗೋ ಏನೋ ಆಗಿರಬೇಕು. ಕೈತುಂಬ ನೊರೆ. ಮೂಗಿಗೆ ಆ ಸಾಬೂನಿನ ಖಾರಖಾರ ವಾಸನೆ. ಆ ವಾಸನೆಗೂ ಇಂಥ ಗಾಬರಿಗೂ ನಮ್ಮ ಮನೆಯಲ್ಲಿ ಹಳೆಯ ನಂಟು. ಕೈ ತೊಳೆದುಕೊಳ್ಳುವಷ್ಟು ಹೊತ್ತು ನೀವೂ ನನ್ನ ಜೊತೆ ನಳದ ಬಳಿ ನಿಲ್ಲುವಿರಾದರೆ ಹೇಳಿಬಿಡುತ್ತೇನೆ.

ಚಿಗವ್ವ ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ನಾವೆಲ್ಲ ಒಂದೇ ಮನೆಯಲ್ಲಿ ಇರುವವರು. ನಮ್ಮ ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಬರುವುದು ಚಿಗವ್ವನ ಹತ್ತಿರ. ಕೂಸಿನ ಹೊಟ್ಟೆ ಉಬ್ಬಿದರೆ ಅಜವಾನದ ನೀರು, ಸೊಂಟ ಹಿಡಿದರೆ ಬಿಸಿ ಇಟ್ಟಂಗಿಯ ಶಾಖ, ಯಾವುದಕ್ಕೂ ಬಗ್ಗದ ಜ್ವರವಾದರೆ ಒಂದು ಚಿಟಿಕೆ ವಿಭೂತಿ ಹಾಗೂ ಒಂದು ಗುಳಿಗೆ, ಎರಡೂ ಕೂಡಿಯೇ. "ಯಾವ್ದರ ಒಂದು ಹತ್ತತದ" ಎನ್ನುತ್ತಿದ್ದಳು. ನಾನು ಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ನನ್ನ ಹೆಂಡತಿಗೂ ಮಕ್ಕಳಿಗೂ ನೆಗಡಿಯಾದಾಗ ನನ್ನನ್ನು ದಾಟಿಕೊಂಡು ಆಕೆಯ ಹತ್ತಿರ ಹೋಗುತ್ತಿದ್ದರು. ನನಗೇನೂ ಬೇಸರವಿರಲಿಲ್ಲ, ನಾನೂ ಹೋಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ಇನ್ನೂ ಕಾಲಿಡುತ್ತಿದ್ದ ಹೊತ್ತಿನಲ್ಲಿ, ಆ ಚಿಗವ್ವನಿಗೇ ನಾಯಿ ಕಚ್ಚಿತು. ಬೆಳಿಗ್ಗೆ ಹಿಟ್ಟಿನ ಗಿರಣಿಗೆ ಹೋಗಿ ಬರುವಾಗ ಒಂದು ಕಂದು ನಾಯಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿ ಓಡಿಹೋಯಿತು. ರಕ್ತ ಹಿಮ್ಮಡಿಯವರೆಗೂ ಇಳಿದಿತ್ತು. ನಾನು ಹೊರಗೆ ಓಡಿಬರುವಷ್ಟರಲ್ಲಿ ಪಕ್ಕದ ಮನೆಯಾಕೆ ಖಾರಪುಡಿಗೆ ಸುಣ್ಣ ಕಲಸಿ ಗಾಯಕ್ಕೆ ಮೆತ್ತಿ ಆಗಿತ್ತು. ಚಿಗವ್ವ ಹಲ್ಲು ಕಚ್ಚಿ ಕುಳಿತಿದ್ದಳು. ಎಲ್ಲರಿಗೂ ಮದ್ದು ಹೇಳುವವಳು ಅಂದು ಯಾವುದನ್ನೂ ಹೇಳಲಿಲ್ಲ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಆ ನೋಟ ನನಗೆ ಹೊಸದು.

ಅಲ್ಲಿಂದ ಶುರುವಾಯಿತು ನೋಡಿ ಗೊಂದಲ. ಒಬ್ಬರು ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಎಂದರು. ಇನ್ನೊಬ್ಬರು ಈಗ ಒಂದೇ ಸೂಜಿ ಬಂದಿದೆ ಎಂದರು. ಬದನೆಕಾಯಿ ತಿನ್ನಬಾರದು ಎಂದವರು ಒಬ್ಬರು, ಕನ್ನಡಿ ನೋಡಬಾರದು ಎಂದವರು ಇನ್ನೊಬ್ಬರು. ನಾಯಿ ಬದುಕಿದ್ದರೆ ಏನೂ ಬೇಡ, ಸತ್ತರೆ ಮಾತ್ರ ದವಾಖಾನೆ ಎಂಬುದು ಹೆಚ್ಚಿನವರ ಮಾತಾಗಿತ್ತು. ಸರಿ, ಆ ನಾಯಿಯನ್ನು ಕಾಯುವ ಕೆಲಸ ಮಾಸ್ತರನಾದ ನನ್ನ ಪಾಲಿಗೆ ಬಂತು. ನಮ್ಮೂರಿನಲ್ಲಿ ಎಷ್ಟು ಕಂದು ನಾಯಿಗಳಿವೆ ಎಂಬುದು ನನಗೆ ಗೊತ್ತಾದದ್ದೇ ಅಂದು. ಗಿರಣಿಯ ಮುಂದೆ ಮಲಗಿದ್ದನ್ನು ನೋಡಿ ನಾನು ಸಮಾಧಾನಪಟ್ಟುಕೊಂಡರೆ, ಗಿರಣಿಯವನು ಅದಲ್ಲರಿ ಎಂದ. ಬಸ್‌ಸ್ಟ್ಯಾಂಡಿನ ನಾಯಿಯೇ ಅದು ಎಂದ. ಬಸ್‌ಸ್ಟ್ಯಾಂಡಿನ ನಾಯಿ ಬಾಲ ಅಲ್ಲಾಡಿಸುತ್ತ ನನ್ನ ಹಿಂದೆಯೇ ಮನೆತನಕ ಬಂತು. ಚಿಗವ್ವ ಕದದ ಸಂದಿಯಿಂದ ಅದರ ಮುಖ ನೋಡಿ, "ಇದರ ಮಾರಿ ಹಂಗಿಲ್ಲ" ಎಂದಳು.

ಮಧ್ಯಾಹ್ನ ಚಿಕ್ಕಪ್ಪ ಹೊಳೆದಂಡೆಯ ಊರಿನಿಂದ ನಾಯಿಮದ್ದು ಕೊಡುವವನನ್ನು ಮೋಟಾರ್‌ಸೈಕಲ್ಲಿನ ಮೇಲೆ ಕರೆತಂದ. ಆತ ಒಳ್ಳೆಯ ಮನುಷ್ಯ. ದುಡ್ಡು ಮುಟ್ಟಲಿಲ್ಲ, ಚಹಾ ಕೂಡ ಕುಡಿಯಲಿಲ್ಲ. ಯಾವುದೋ ಸೊಪ್ಪಿನ ರಸ ಕುಡಿಸಿ, ಅರೆದ ಸೊಪ್ಪನ್ನು ಗಾಯಕ್ಕೂ ಮೆತ್ತಿ, ಪಥ್ಯ ಹೇಳಿದ. "ಅಮಾಸಿ ತನಕ ಹರಿಯೋ ನೀರು ದಾಟಬ್ಯಾಡವ್ವ. ದಾಟಿದ್ರ ಮದ್ದು ಇಳದ್ಹೋಗ್ತದ."

ಇಲ್ಲಿ ನಾನು ಸ್ವಲ್ಪ ನನ್ನ ಭೂಗೋಳ ಹೇಳಬೇಕು. ಸುರಪುರ ತಾಲ್ಲೂಕಿನಲ್ಲಿ ನಮ್ಮ ಊರಿಗೆ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ನಾರಾಯಣಪುರದ ಆಣೆಕಟ್ಟಿನಿಂದ ಬರುವ ದೊಡ್ಡ ಕಾಲುವೆ. ಸುರಪುರದ ದವಾಖಾನೆಗೆ ಹೋಗಲಿ, ಶಹಾಪುರಕ್ಕೆ ಹೋಗಲಿ, ಯಾದಗಿರಿಗೇ ಹೋಗಲಿ, ಆ ಕಾಲುವೆಯ ಸೇತುವೆ ದಾಟದೆ ಗತಿಯಿಲ್ಲ. ಊರಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಅದಕ್ಕೂ ಮೊದಲೇ ಹೇಳಿಹೋಗಿದ್ದರು: "ನಮ್ಮಲ್ಲಿ ಆ ಸೂಜಿ ಇರಂಗಿಲ್ರಿ ಸರ್, ಸುರಪುರಕ್ಕ ಜಲ್ದಿ ಒಯ್ರಿ." ಜಲ್ದಿ ಒಯ್ಯುವುದು ಹೇಗೆ? ಹಾದಿಯಲ್ಲಿ ತುಂಬಿ ಹರಿಯುವ ನೀರು. ಚಿಗವ್ವ ಹಾಸಿಗೆಯ ಮೇಲೆ ಕುಳಿತು, "ನಾ ದಾಟಂಗಿಲ್ಲ" ಎಂದುಬಿಟ್ಟಳು.

ಅಂದು ಸಂಜೆಯೆಲ್ಲ ನಾನು ಫೋನಿನಲ್ಲಿ ಮುಳುಗಿದ್ದೆ. ಬಳಗದ ಗುಂಪಿನಲ್ಲಿ ಸಲಹೆಗಳು ಬಂದು ಬೀಳುತ್ತಿದ್ದವು, ಒಂದಕ್ಕೊಂದು ಸಂಬಂಧವಿಲ್ಲ. ಬಿಳಿ ಕೋಟು ಹಾಕಿದ ಯಾರೋ ಒಬ್ಬರ ವಿಡಿಯೋದಲ್ಲಿ ಈರುಳ್ಳಿ ಹಚ್ಚಿ ಎಂದಿತ್ತು. ಅದೇ ಕೋಟು ಹಾಕಿದ ಇನ್ನೊಬ್ಬರು ಏನನ್ನೂ ಹಚ್ಚಬೇಡಿ ಎನ್ನುತ್ತಿದ್ದರು. ಇಬ್ಬರ ಕೋಟೂ ಒಂದೇ ಬಿಳುಪು, ನಾನು ಯಾರನ್ನು ನಂಬಲಿ? ನಕಾಶೆಯ ಮೇಲೆ ಊರಿನ ಹೆಸರು ಬರೆದಿರುವ ಹಾಗೆ ಸುದ್ದಿಯ ಮೇಲೂ ಇದು ಖರೆ, ಇದು ಸುಳ್ಳು ಎಂದು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಅಂತೂ ಸರಕಾರದ ಆರೋಗ್ಯ ಇಲಾಖೆಯ ಪುಟವೊಂದನ್ನು ಹುಡುಕಿ, ನಾಯಿಗಾಗಿ ಕಾಯಬಾರದು, ಚುಚ್ಚುಮದ್ದು ತಡಮಾಡಬಾರದು ಎಂಬುದನ್ನು ಗಟ್ಟಿಯಾಗಿ ಓದಿ ಹೇಳಿದೆ. ಶಾಲೆಯಲ್ಲಿ ಪಾಠ ಓದುವ ದನಿ ಬಂದುಬಿಟ್ಟಿತ್ತು. ಚಿಗವ್ವ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಬೆಳಿಗ್ಗೆ ನನಗೊಂದು ಉಪಾಯ ಹೊಳೆಯಿತು. ನೀರು ಹರಿಯದಿದ್ದರೆ ದಾಟಬಹುದಲ್ಲ! ಕಾಲುವೆಗೆ ಸರದಿಯ ಮೇಲೆ ನೀರು ಬಿಡುತ್ತಾರೆ, ಬಂದ್ ಕೂಡ ಮಾಡುತ್ತಾರೆ. ಗೇಟು ನೋಡಿಕೊಳ್ಳುವ ಮಲ್ಲಯ್ಯನ ಬಳಿಗೆ ಓಡಿದೆ. ಆತ ಬೇವಿನಕಡ್ಡಿ ಅಗಿಯುತ್ತ ನನ್ನ ಮಾತನ್ನೆಲ್ಲ ಕೇಳಿ, ಕಡ್ಡಿಯನ್ನು ಬಾಯಿಂದ ತೆಗೆದ.

"ಸರ್, ಶೇಂಗಾಕ್ಕ ನೀರು ಸಾಲವಲ್ದು ಅಂತ ರೈತರು ನನ್ನ ಜೀವಾ ತಿನ್ನಾಕತ್ತಾರ. ನೀವು ಒಬ್ಬಾಕಿ ಹೆಣಮಗಳ ಸಲುವಾಗಿ ನಾರಾಯಣಪುರದ ನೀರು ನಿಂದರಸು ಅಂತೀರಿ?"

"ಬಂದ್ ಯಾವಾಗ ಆಗ್ತದ ಅಷ್ಟು ಹೇಳ್ರಿ" ಎಂದೆ.

"ಅಮಾಸಿ ಆದಮ್ಯಾಲ" ಎಂದ.

ನಾನು ಮನೆಗೆ ಬಂದಾಗ ಎಲ್ಲ ದಾರಿಗಳೂ ಮುಗಿದಿದ್ದವು. ಚಿಗವ್ವನ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತೆ. ಆಗ ಕಣ್ಣಿಗೆ ಬಿತ್ತು: ಹಿಂದಿನ ದಿನ ಸಂಜೆ ಇಟ್ಟಿದ್ದ ತಂಬಿಗೆಯ ನೀರು ಹಾಗೆಯೇ ತುಂಬಿಕೊಂಡಿತ್ತು. ಮೇಲೆ ಒಂದು ಬಟ್ಟೆಯನ್ನೂ ಮುಚ್ಚಿದ್ದಳು. ರೊಟ್ಟಿ ಮಾತ್ರ ತಿಂದಿದ್ದಳು, ಒಣ ರೊಟ್ಟಿ. ಜಾಣತನದಿಂದಲ್ಲ, ದಣಿವಿನಿಂದ ಕೇಳಿದೆ: "ಚಿಗವ್ವ, ನಿನಗ ಏನು ಅಂಜಿಕಿ ಅದ?"

ಅಷ್ಟು ಹೊತ್ತಿನವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದೇ ಹೇಳಿದ್ದು.

ಆಕೆ ಸೆರಗಿನ ಚುಂಗು ತಿರುವಿದಳು. "ನಮ್ಮಣ್ಣ ಇದ್ದ" ಎಂದಳು. "ನಾ ಸಣ್ಣಾಕಿ. ಅವಂಗೂ ಹಿಂಗ ಕಡಿದಿತ್ತು. ಗಾಯ ಮಾಯ್ದು, ಎಲ್ಲಾರೂ ಮರತಿದ್ರು. ಆಮ್ಯಾಲ ಒಂದಿನ ತಂಬಗಿ ತುಟಿಗೆ ಹಚ್ಚಿದ್ರ ಚೀರಾಕ ಹತ್ತಿದ. ನೀರು ಕಂಡ್ರ ಸಾಕು, ಗ್ವಾಡಿಗೆ ಹೋಗಿ ಅಂಟ್ಕೊಂಡು ನಿಲ್ತಿದ್ದ. ನಮ್ಮವ್ವ ಮನ್ಯಾಗಿನ ಕೊಡ ಎಲ್ಲಾ ಹೊರಗ ಒಯ್ದು ಇಟ್ಟಳು. ಹೋಗೇ ಬಿಟ್ಟ." ತಂಬಿಗೆಯ ಮೇಲಿನ ಬಟ್ಟೆಯನ್ನು ಸರಿಪಡಿಸಿದಳು. "ಕಾಲುವಿ ಅಂಥಾ ದೊಡ್ಡ ನೀರು. ಅದನ್ನ ನೋಡಿ ನನಗ ಅಂಜಿಕಿ ಬಂತಂದ್ರ? ಬಂದ್ರ ಮುಗೀತಲ್ಲಪ. ನೋಡಲಾರದ ಕುಂತ್ರ ಗೊತ್ತರ ಆಗಂಗಿಲ್ಲ."

ನನಗೆ ಅಳು ಬಂತು. ಮದ್ದು, ಪಥ್ಯ, ಅಮಾವಾಸ್ಯೆ ಎಲ್ಲ ಮೇಲಿನ ಮಾತು. ಒಳಗೆ ಇದ್ದದ್ದು ಒಂದು ತಂಬಿಗೆ ನೀರಿನ ಭಯ. ನಾನು ಓದಿದ ಯಾವ ಪುಟದಲ್ಲೂ ಇದಕ್ಕೆ ಉತ್ತರವಿತ್ತೋ ಇಲ್ಲವೋ, ನಾನಂತೂ ಹುಡುಕಿರಲಿಲ್ಲ. "ನನಗ ಗೊತ್ತಿಲ್ಲ ಚಿಗವ್ವ, ಕೇಳೋಣ" ಎಂದು ಸರಕಾರದ ಆರೋಗ್ಯ ಸಹಾಯವಾಣಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಆಕೆಯ ಮಂಚದ ಮೇಲಿಟ್ಟೆ. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಮೈಸೂರು ಕಡೆಯ ನಯವಾದ ಕನ್ನಡದಲ್ಲಿ ಮಾತಾಡಿದಳು. ಮೊದಲು ಗಾಯಕ್ಕೆ ಹಚ್ಚಿದ್ದನ್ನೆಲ್ಲ ತೆಗೆದು, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ, ತಡವಾಗಿದ್ದರೂ ಪರವಾಗಿಲ್ಲ ಎಂದಳು.

ಚಿಗವ್ವ ಗಾಬರಿಯಾದಳು. "ಆತ ಹರಿಯೋ ನೀರು ದಾಟಬ್ಯಾಡ ಅಂದ, ಈಕಿ ಹರಿಯೋ ನೀರಾಗ ಕಾಲಿಡು ಅಂತಾಳ. ಯಾ ಊರಾಕಿ ಈಕಿ?"

ನಾನು ಫೋನಿನಲ್ಲಿ ಚಿಗವ್ವನ ಅಣ್ಣನ ಕತೆಯನ್ನು ಹೇಳಿದೆ. ಆಮೇಲೆ ಆ ದನಿ ನನ್ನನ್ನು ಬಿಟ್ಟು ನೇರವಾಗಿ ಆಕೆಯನ್ನೇ ಕರೆಯಿತು. "ಅಮ್ಮಾ, ನಿಮ್ಮ ಅಣ್ಣನಿಗೆ ಆದದ್ದು ರೋಗ. ನಿಮಗೆ ಆಗ್ತಿರೋದು ಅಣ್ಣನ ನೆನಪು. ನಿನ್ನೆ ಕಚ್ಚಿದ್ದಕ್ಕೆ ಇವತ್ತೇ ಆ ರೋಗ ಬಂದುಬಿಡೋದಿಲ್ಲ. ಬಂದ ಮೇಲೆ ಮಾತ್ರ ಯಾರ ಕೈಯಲ್ಲೂ ಏನೂ ಆಗೋದಿಲ್ಲ, ಅದಕ್ಕೇ ಬರೋ ಮೊದಲು ಸೂಜಿ. ನಿಮಗಿನ್ನೂ ಸಮಯ ಇದೆ. ಇವತ್ತೇ ಹೋಗಿ."

ನಾನು ಆಕೆಯ ಕಾಲನ್ನು ಇದೇ ನಳದ ಕೆಳಗೆ ಹಿಡಿದು ತೊಳೆದೆ. ಖಾರಪುಡಿ, ಸುಣ್ಣ, ಸೊಪ್ಪಿನ ಚೂರು, ಕೆಂಪು ನೊರೆಯಾಗಿ ಕಲ್ಲಿನ ಮೇಲೆ ಹರಿದುಹೋಯಿತು. ಚಿಗವ್ವ ಕಣ್ಣು ಮುಚ್ಚಿ ನನ್ನ ತಲೆಗೂದಲು ಹಿಡಿದುಕೊಂಡಿದ್ದಳು. ಈಗಲೂ ಆ ಸಾಬೂನಿನ ವಾಸನೆ ಬಂದರೆ ನನ್ನ ನೆತ್ತಿ ಉರಿಯುತ್ತದೆ.

ತೊಳೆದು ಮುಗಿದ ಮೇಲೆ ಆಕೆಯೇ "ನಡಿ, ಹೋಗೋಣು" ಎಂದಳು. ಬಾಡಿಗೆ ಜೀಪು ಕಾಲುವೆಯ ಸೇತುವೆಗೆ ಬಂದಾಗ, "ನಿಂದರಸು" ಎಂದಳು. ಸೆರಗನ್ನು ಕಣ್ಣಿನ ತನಕ ಎಳೆದುಕೊಂಡಿದ್ದವಳು ಕುಂಟುತ್ತ ಇಳಿದು ಕಟ್ಟೆಯ ಹತ್ತಿರ ಹೋದಳು. ನಾನು ರಟ್ಟೆ ಹಿಡಿದೆ. ಆಕೆ ಸೆರಗು ಸರಿಸಿ ನೋಡಿದಳು. ನೀರು ದಂಡೆಯ ತನಕ ತುಂಬಿ, ಕಸಕಡ್ಡಿ ಹೊತ್ತುಕೊಂಡು ತನ್ನ ಪಾಡಿಗೆ ಶಹಾಪುರದ ಕಡೆ ಹೊರಟಿತ್ತು. ಎಷ್ಟೋ ಹೊತ್ತು ನೋಡಿದಳು. "ಕಾಲುವಿ ಭಾಳ ಹೊಲಸಾಗ್ಯದ ನೋಡು" ಎಂದಳು. ಜೀಪಿಗೆ ಬಂದು ಕುಳಿತು ನೀರಿನ ಬಾಟಲಿ ಕೇಳಿ, ಗಟಗಟ ಕುಡಿದು ಮುಗಿಸಿದಳು.

ದವಾಖಾನೆಯಲ್ಲಿ ನರ್ಸಮ್ಮ ಸೂಜಿ ಹಿಡಿದು ಬಂದಾಗ ಚಿಗವ್ವ ಹೊಟ್ಟೆಯ ಮೇಲಿನ ಸೀರೆ ಸಡಿಲಿಸತೊಡಗಿದಳು. "ಹೊಟ್ಟಿ ಅಲ್ಲವ್ವ, ತೋಳು ಕೊಡು" ಎಂದರು ನರ್ಸಮ್ಮ. ಗಾಯದ ಸುತ್ತಲೂ ಬೇರೆ ಚುಚ್ಚಿದರು. ಕರೆದ ದಿನಗಳಲ್ಲೆಲ್ಲ ಮತ್ತೆ ಮತ್ತೆ ಹೋದೆವು, ಪ್ರತಿ ಸಲ ಸೇತುವೆಯ ಮೇಲೆ ಜೀಪು ನಿಲ್ಲಲೇಬೇಕು.

ಆ ನಾಯಿಗೆ ಹುಚ್ಚಿತ್ತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ. ಚಿಗವ್ವ ಬದುಕಿದ್ದಕ್ಕೆ ಮದ್ದಿನವನು ತನ್ನ ಸೊಪ್ಪು ಕಾರಣ ಎನ್ನುತ್ತಾನೆ, ಪಕ್ಕದ ಮನೆಯಾಕೆ ತನ್ನ ಖಾರಪುಡಿ ಎನ್ನುತ್ತಾಳೆ. ನಾನು ಸೂಜಿ ಎನ್ನುತ್ತೇನೆ, ಆದರೆ ಬಾರದೇ ಹೋದ ರೋಗಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಚಿಗವ್ವನನ್ನು ಕೇಳಿದರೆ, ಆಕೆ ಯಾರನ್ನೂ ಬಿಟ್ಟುಕೊಡುವುದಿಲ್ಲ, ಎಲ್ಲರಿಗೂ ಕೈ ಮುಗಿಯುತ್ತಾಳೆ. ನನ್ನ ಗೊಂದಲ ಅಂದು ಎಲ್ಲಿತ್ತೋ ಇಂದೂ ಅಲ್ಲೇ ಇದೆ.

ನೊರೆ ಹೋಯಿತು. ಕೈ ಒರೆಸಿಕೊಂಡು ಫೋನು ತೆಗೆದೆ. ಬರೆದವಳು ಸೈದಾಪುರದಲ್ಲಿರುವ ನನ್ನ ತಂಗಿ. ಅವಳ ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿಗೆ ಹೋಗಿದ್ದಾನೆ, ಮಗಳ ಕೈಗೆ ನಾಯಿಮರಿ ಪರಚಿದೆ, ರಕ್ತ ಬಂದಿದೆ, ಏನು ಮಾಡಲಿ? ಅದರ ಕೆಳಗೆ ಬಳಗವೆಲ್ಲ ಸೇರಿತ್ತು. ಸುಣ್ಣ ಹಚ್ಚು. ಮರಿಯಾದರೆ ಏನೂ ಆಗುವುದಿಲ್ಲ. ನಾಯಿಯನ್ನು ಕಟ್ಟಿಹಾಕು. ಅದೇ ಬಿಳಿ ಕೋಟಿನ, ಅದೇ ಈರುಳ್ಳಿಯ ವಿಡಿಯೋ. ನಾನು ಬರೆದು, ಅಳಿಸಿ, ಮತ್ತೆ ಬರೆಯತೊಡಗಿದೆ.

ಚಿಗವ್ವ ಪಡಸಾಲೆಯಿಂದ ಎದ್ದು ಬಂದಳು. "ಬರೀಬ್ಯಾಡ. ಹಚ್ಚು ಫೋನ್" ಎಂದಳು.

ತಂಗಿ ಎತ್ತಿದಳು, ಮಾತಿಗಿಂತ ಮೊದಲು ಅತ್ತಳು. ಚಿಗವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಅಳು, ಆದ್ರ ನಳದ ನೀರು ಬಿಟ್ಕೊಂಡು ಅಳು" ಎಂದಳು. "ಸಾಬೂನು ಹಚ್ಚು. ತೊಳಿ. ಬಿಡಬ್ಯಾಡ, ತೊಳೀತಾ ಇರು. ಆಮ್ಯಾಲ ಸೀದಾ ದವಾಖಾನಿಗೆ. ನಿಮ್ಮಣ್ಣ ಇಲ್ಲಿಂದ ಹೊಂಟಾನ." ನಾನು ಹೊರಟಿದ್ದೇನೆಂಬುದು ನನಗೆ ಆಗಲೇ ಗೊತ್ತಾದದ್ದು. ಆಮೇಲೆ ಆಕೆ ದನಿ ತಗ್ಗಿಸಿದಳು. "ಈಗ ಹೇಳು ನನ್ನವ್ವ, ನಿನಗ ಏನು ಅಂಜಿಕಿ ಅದ?"

ತಂಗಿ ಏನು ಹೇಳಿದಳೋ ನನಗೆ ಕೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡಿದಾಗ ಚಿಗವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದಳು. ಏನಾಯಿತೆಂದು ಸನ್ನೆಯಲ್ಲೇ ಕೇಳಿದೆ.

"ಸುಮ್ಮನಿರು" ಎಂದಳು. "ನೀರು ಬೀಳೋ ಸಪ್ಪಳ ಕೇಳಾಕತ್ತೀನಿ."